ಹಟ್ಟಿಯ ಫ್ಯಾನು ರಿಮೋಟಿನ ಮಾತು ಕೇಳದಿದ್ದರೆ...



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಾರ್ಚ್–ಮೇ ಸೆಕೆಗೆ ಮಿಶ್ರತಳಿ ದನಗಳು ಏದುಸಿರು ಬಿಡುತ್ತವೆ. ಮೇವು ಕಡಿಮೆಯಾಗಿ ಹಾಲೂ ಇಳಿಯುತ್ತದೆ. ಕರೆಂಟ್ ಉಳಿಸುವ ಬಿಎಲ್‌ಡಿಸಿ ಫ್ಯಾನ್ ಹಾಕಿದ್ದೀರಾ? ನಡುಮಧ್ಯಾಹ್ನ ರಿಮೋಟ್ ಕೆಲಸ ಮಾಡದಿದ್ದರೆ, ಹೊಸದು ಕೊಳ್ಳುವ ಮೊದಲು ಇದನ್ನು ಓದಿ.

ಇಂಥ ಹೆಚ್ಚಿನ ರಿಮೋಟ್‌ಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತವೆ. ಫ್ಯಾನಿನಲ್ಲಿರುವ ಪುಟ್ಟ ರಿಸೀವರ್ ಆ ಮಿನುಗನ್ನಷ್ಟೇ ಆರಿಸಿ ಓದುತ್ತದೆ.

• ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಒತ್ತಿ. ಮನೆಯ ಟಿ.ವಿ. ರಿಮೋಟಿನಲ್ಲಿ ಬೆಳಕು ಕಂಡು ಇದರಲ್ಲಿ ಕಾಣದಿದ್ದರೆ ಸೆಲ್ ಬದಲಿಸಿ.

• ಬೆಳಕು ಕಂಡರೆ ತೊಂದರೆ ರಿಸೀವರ್ ಕಡೆ ಇರಬಹುದು. ಮೈನ್ ಸ್ವಿಚ್ ಆಫ್ ಮಾಡಿ, ಅದರ ಮೇಲಿನ ಧೂಳು, ಜೇಡರಬಲೆಯನ್ನು ಒಣಬಟ್ಟೆಯಲ್ಲಿ ಒರೆಸಿ.

• ಬಿಸಿಲಿನಲ್ಲೂ ಅವಕೆಂಪು ಇದೆ. ಮಾಡಿನ ಪಾರದರ್ಶಕ ಶೀಟಿನಿಂದ ಬಿಸಿಲು ನೇರ ಬಿದ್ದರೆ ರಿಸೀವರ್‌ಗೆ ರಿಮೋಟಿನ ಬೆಳಕು ಗುರುತಾಗದು. ಅಲ್ಲಿಗೆ ನೆರಳು ಮಾಡಿ.

• ಈ ಬೆಳಕು ಗೋಡೆ ದಾಟದು. ತೋಟದಾಚೆಯ ಪಂಪಿಗೆ ರೇಡಿಯೊ ಅಥವಾ ಮೊಬೈಲ್ ಸ್ಟಾರ್ಟರೇ ಬೇಕು.

ಹಟ್ಟಿ ತೊಳೆಯುವಾಗ ಪೈಪಿನ ನೀರು ಫ್ಯಾನಿಗೆ ಹಾರದಿರಲಿ. ರಿಮೋಟ್ ಕೆಟ್ಟ ದಿನವೂ ದನಕ್ಕೆ ಗಾಳಿ ತಪ್ಪದಂತೆ ಗೋಡೆಯ ಸ್ವಿಚ್ಚು ಸರಿಯಾಗಿರಲಿ.