ರಕ್ತಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದರೆ ಅಲರ್ಜಿಯೇ?

ಕಾಶಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಅನ್ನದೊಡನೆ ಗೋಧಿಯ ರೊಟ್ಟಿಯೂ ನಿತ್ಯದ ಆಹಾರವಾಗಿದೆ. ಸೀನು-ನೆಗಡಿಗಳಿಂದ ಬಳಲುವ ಮಗುವಿನ ರಕ್ತಪರೀಕ್ಷೆಯಲ್ಲಿ ‘ಗೋಧಿ: ಪಾಸಿಟಿವ್’ ಎಂಬ ವರದಿ ಬಂದರೆ ತಂದೆತಾಯಿಗಳು ದಿಗಿಲುಗೊಳ್ಳುವುದು ಸಹಜ. ಅಂದಿನಿಂದಲೇ ಮಗುವಿಗೆ ರೊಟ್ಟಿ ನಿಷಿದ್ಧ! ಆದರೆ ಆ ಮಗು ಈವರೆಗೆ ರೊಟ್ಟಿ ತಿಂದು ಸುಖವಾಗಿಯೇ ಇದ್ದಿತಲ್ಲವೆ?

ಅಲರ್ಜಿಗೆ ಕಾರಣವಾದ ‘ಐಜಿಇ’ ಎಂಬ ಪ್ರತಿಕಾಯವನ್ನು ಜಪಾನೀ ವಿಜ್ಞಾನಿಗಳಾದ ಇಶಿಜಾಕಾ ದಂಪತಿಗಳು 1966ರಲ್ಲಿ ವರದಿ ಮಾಡಿದರು. ಮರುವರ್ಷವೇ ಸ್ವೀಡನ್ನಿನ ಸಂಶೋಧಕರು ಅದನ್ನು ರಕ್ತದಲ್ಲಿ ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದರು. ಲೀಟರಿಗೆ 0.35 ಕಿಲೋಯೂನಿಟ್ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ. ಇದನ್ನು ಮೀರಿದ ಅಂಕಿಯು ಪ್ರತಿಕಾಯದ ಇರುವಿಕೆಯನ್ನು ತಿಳಿಸುತ್ತದೆಯೇ ಹೊರತು ರೋಗವನ್ನಲ್ಲ.

ಗೋಧಿಯೂ ಹುಲ್ಲಿನ ಕುಲಕ್ಕೆ ಸೇರಿದ ಸಸ್ಯ. ಹುಲ್ಲಿನ ಪರಾಗ ಒಗ್ಗದವರ ರಕ್ತದಲ್ಲಿರುವ ಪ್ರತಿಕಾಯವು ಗೋಧಿಯಲ್ಲಿನ ಅದೇ ಬಗೆಯ ಪ್ರೋಟೀನಿಗೂ ಅಂಟಿಕೊಳ್ಳಬಲ್ಲದು. ಅನೇಕ ಸಸ್ಯಗಳಿಗೆ ಸಮಾನವಾದ ಸಕ್ಕರೆಯ ಸರಪಳಿಗಳೂ ಇಂತಹ ಹುಸಿ ಫಲವನ್ನು ತೋರಿಸುತ್ತವೆ. ಜಂತುಹುಳುವಿನ ಬಾಧೆಯಿಂದಲೂ ಇಸುಬಿನಿಂದಲೂ ಒಟ್ಟು ಐಜಿಇ ಏರುವುದುಂಟು.

ನೂರು ಮಂದಿಯಲ್ಲಿ ಇಬ್ಬರಿಗೆ ಮಾತ್ರ ನಿಜವಾದ ಅಲರ್ಜಿ ಇದೆಯೆಂದು ಭಾವಿಸೋಣ. ಪರೀಕ್ಷೆಯು ಆ ಇಬ್ಬರನ್ನೂ ಗುರುತಿಸಿ, ಉಳಿದವರಲ್ಲಿ ಹತ್ತು ಮಂದಿಯನ್ನು ತಪ್ಪಾಗಿ ‘ಪಾಸಿಟಿವ್’ ಎಂದರೆ, ಹನ್ನೆರಡು ವರದಿಗಳಲ್ಲಿ ಹತ್ತು ಹುಸಿ! ಆದುದರಿಂದ ಹತ್ತಾರು ಪದಾರ್ಥಗಳನ್ನು ಒಮ್ಮೆಗೇ ಪರೀಕ್ಷಿಸುವುದು ತರವಲ್ಲ. ಏನನ್ನು ತಿಂದಾಗ, ಎಷ್ಟು ಹೊತ್ತಿನಲ್ಲಿ, ಯಾವ ತೊಂದರೆ ಕಂಡಿತೆಂಬುದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಬೇಕು. ಸಂಶಯಕ್ಕೆ ಆಸ್ಪದವಿತ್ತ ಪದಾರ್ಥವನ್ನು ಮಾತ್ರ ಪರೀಕ್ಷಿಸಬೇಕು. ಗೋಧಿಯ ಒಂದೊಂದು ಪ್ರೋಟೀನನ್ನೂ ಪ್ರತ್ಯೇಕವಾಗಿ ನೋಡುವ ಪರೀಕ್ಷೆಗಳೂ, ಸಕ್ಕರೆಯ ಸರಪಳಿಗೆ ಅಂಟುವ ಪ್ರತಿಕಾಯವನ್ನು ತಡೆಹಿಡಿದು ಅಳೆಯುವ ವಿಧಾನವೂ ಈಗ ಉಂಟು. ‘ಐಜಿಜಿ’ ಪರೀಕ್ಷೆಯಾದರೋ ಆಹಾರದ ಅಲರ್ಜಿಯನ್ನು ನಿರ್ಣಯಿಸಲು ಯೋಗ್ಯವಲ್ಲ.

ಸಂದೇಹ ಉಳಿದರೆ, ಆಸ್ಪತ್ರೆಯಲ್ಲಿ ವೈದ್ಯರ ಸಮ್ಮುಖದಲ್ಲಿ ಆ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ತಿನ್ನಿಸಿ ನೋಡುವುದೇ ಅತ್ಯಂತ ವಿಶ್ವಾಸಾರ್ಹ ಮಾರ್ಗ. ಮನೆಯಲ್ಲಿ ಇಂತಹ ಪ್ರಯೋಗ ಸಲ್ಲದು. ಹಿಂದೆ ಉಸಿರುಕಟ್ಟಿದ್ದರೆ, ತುಟಿ-ನಾಲಿಗೆ ಊದಿಕೊಂಡಿದ್ದರೆ ಆ ಪದಾರ್ಥವನ್ನು ವೈದ್ಯರನ್ನು ಕಾಣುವವರೆಗೆ ಮುಟ್ಟಕೂಡದು. ಅಂತಹ ಯಾವ ಲಕ್ಷಣವೂ ಇಲ್ಲದ ಮಗುವಿಗೆ ಬರಿಯ ಅಂಕಿಯನ್ನು ನಂಬಿ ಗೋಧಿ, ಹಾಲು, ಬೇಳೆಗಳನ್ನು ತಪ್ಪಿಸಿದರೆ ಬೆಳವಣಿಗೆಯೇ ಕುಂಠಿತವಾದೀತು. ವರದಿಯನ್ನು ವೈದ್ಯರಿಗೆ ತೋರಿಸಿ, ಮಗುವಿನ ಅನುಭವದೊಡನೆ ತಾಳೆನೋಡಿದ ಮೇಲೆಯೇ ಪಥ್ಯವನ್ನು ನಿಶ್ಚಯಿಸುವುದು ಕ್ಷೇಮಕರ.