ಡಬ್ಲಿನ್ ಸದನದಲ್ಲಿ 8 ನಿಮಿಷಕ್ಕೆ ಇಷ್ಟೊಂದು ಜಗಳ ಯಾಕೆ?

(ಪಾಡ್‌ಕಾಸ್ಟ್‌ನ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ವಿಷಯ ಒಂದು ವಾಟ್ಸ್ಆ್ಯಪ್ ವಿಡಿಯೋದಿಂದ ಶುರುವಾಗುತ್ತೆ. 2025ರ ಮಾರ್ಚ್ 25, ಮಂಗಳವಾರ. ಡಬ್ಲಿನ್‌ನಲ್ಲಿ ಕೆಲಸ ಮಾಡೋ ನನ್ನ ಚಿಕ್ಕಮ್ಮನ ಮಗಳು ಒಂದು ತುಣುಕು ಕಳಿಸಿದ್ಳು. ಐರ್ಲೆಂಡಿನ ಸಂಸತ್ತು. ಒಂದಷ್ಟು ಜನ ಎದ್ದು ನಿಂತು ಕೂಗ್ತಿದಾರೆ, ಸಭಾಧ್ಯಕ್ಷರು ಗಂಟೆ ಬಾರಿಸ್ತಿದಾರೆ, ಯಾರ ಮಾತೂ ಯಾರಿಗೂ ಕೇಳಿಸ್ತಿಲ್ಲ. ಕೆಳಗೆ ಅವಳ ಮೆಸೇಜು: "ಅಕ್ಕಾ, ಇಲ್ಲೂ ನಮ್ಮೂರ ಥರಾನೇ. ಏನಕ್ಕೆ ಜಗಳ ಅಂತ ಗೊತ್ತಾ? ಎಂಟು ನಿಮಿಷಕ್ಕಂತೆ!"

ನಾನೂ ಮೊದಲು ನಕ್ಕೆ. ಎಂಟು ನಿಮಿಷ ಅಂದ್ರೆ ಒಂದು ಕಾಫಿ ಕುಡಿಯೋ ಹೊತ್ತು. ಆಮೇಲೆ ಆ ಸದನದ ಕಲಾಪವನ್ನು ಫೋನಿನಲ್ಲೇ ಕೇಳೋಕೆ ಶುರು ಮಾಡಿದೆ. ಅಲ್ಲಿ ಎಲ್ಲವೂ ನೇರಪ್ರಸಾರ, ಆಡಿದ ಪ್ರತಿ ಮಾತೂ ಆಮೇಲೆ ಬರಹದಲ್ಲಿ ಸಿಗುತ್ತೆ. ಕೇಳ್ತಾ ಕೇಳ್ತಾ ಆ ಎಂಟು ನಿಮಿಷದ ಬೆಲೆ ಅರ್ಥ ಆಗ್ತಾ ಹೋಯ್ತು.

ಮೊದಲು ಹೆಸರುಗಳ ತೊಡಕು ಬಿಡಿಸಿಕೊಳ್ಳೋಣ. ಕೆಳಮನೆಯ ಹೆಸರು ಡಾಲ್. ಅದರ ಸದಸ್ಯರನ್ನ ಟಿಡಿ ಅಂತಾರೆ. ಪ್ರಧಾನಿಗೆ ಟೀಷಖ್, ಉಪಪ್ರಧಾನಿಗೆ ಟಾನಿಷ್ಟೆ. ಲಿಯೋ ವರಾಡ್ಕರ್ ನೆನಪಿರಬಹುದು, ಮುಂಬೈ ಮೂಲದ ಅಪ್ಪನ ಮಗ, 2017ರಲ್ಲಿ ಟೀಷಖ್ ಆದವರು. ಇನ್ನು ಸಭಾಧ್ಯಕ್ಷರಿಗೆ ಇರೋ ಐರಿಷ್ ಹೆಸರನ್ನ ನಾನು ಹೇಳೋಕೆ ಹೋದರೆ ನಾಲಿಗೆ ಗಂಟಾಗುತ್ತೆ, ಹಾಗಾಗಿ ಸ್ಪೀಕರ್ ಅಂತಲೇ ಕರೀತೀನಿ. ಇವರೆಲ್ಲ ಸೇರೋದು ಡಬ್ಲಿನ್‌ನ ಕಿಲ್ಡೇರ್ ಸ್ಟ್ರೀಟ್‌ನ ಲೆನ್‌ಸ್ಟರ್ ಹೌಸ್‌ನಲ್ಲಿ. ಅದು 18ನೇ ಶತಮಾನದಲ್ಲಿ ಒಬ್ಬ ಶ್ರೀಮಂತ ಕಟ್ಟಿಸಿದ ಬಂಗಲೆ.

ಈಗ ಲೆಕ್ಕ ಕೇಳಿ, ಜಗಳದ ಬೇರು ಇಲ್ಲೇ ಇದೆ. ಡಾಲ್‌ನಲ್ಲಿ 174 ಸೀಟು. ಬಹುಮತಕ್ಕೆ 88 ಬೇಕು. 2024ರ ನವೆಂಬರ್ ಚುನಾವಣೆಯಲ್ಲಿ ಫಿಯಾನಾ ಫಾಲ್‌ಗೆ 48, ಫಿನ ಗೇಲ್‌ಗೆ 38 ಬಂತು. ಒಟ್ಟು 86. ಎರಡು ಕಡಿಮೆ. ಆ ಖಾಲಿ ಜಾಗ ತುಂಬಿದ್ದು ಪಕ್ಷೇತರರು. ಅವರಲ್ಲಿ ಕೆಲವರಿಗೆ ಕಿರಿಯ ಮಂತ್ರಿ ಸ್ಥಾನ ಸಿಕ್ಕಿತು. ಅದೇ ಗುಂಪಿನ ವೆರೋನಾ ಮರ್ಫಿ ಸ್ಪೀಕರ್ ಆದರು, ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. ಮಿಕ್ಕವರು ಏನಂದ್ರು ಗೊತ್ತಾ? "ಸರ್ಕಾರಕ್ಕೆ ಬೆಂಬಲ ಕೊಡ್ತೀವಿ, ಆದರೆ ನಾವು ಮಂತ್ರಿಗಳಲ್ಲವಲ್ಲ, ವಿರೋಧ ಪಕ್ಷದ ಪಾಲಿನ ಸಮಯದಲ್ಲಿ ನಮಗೂ ಪ್ರಶ್ನೆ ಕೇಳೋ ಅವಕಾಶ ಕೊಡಿ."

ಮದುವೆ ಮನೇಲಿ ಎರಡೂ ಕಡೆಯವರ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ! ವಿರೋಧ ಪಕ್ಷಗಳು ಸಿಡಿದೆದ್ದವು. 2025ರ ಜನವರಿ 22ರಂದು ಟೀಷಖ್ ಆಯ್ಕೆ ನಡೀಬೇಕಿತ್ತು, ಗದ್ದಲದಲ್ಲಿ ಅದೇ ನಡೀಲಿಲ್ಲ. ಮೀಹಾಲ್ ಮಾರ್ಟಿನ್ ಮರುದಿನ ಆಯ್ಕೆಯಾದರು. ಫೆಬ್ರವರಿಯಲ್ಲಿ ಸ್ಪೀಕರ್, ಸರ್ಕಾರದ ಜೊತೆಗಿದ್ದು ವಿರೋಧ ಪಕ್ಷದ ಗುಂಪು ಕಟ್ಟೋಕೆ ಆಗಲ್ಲ ಅಂತ ತೀರ್ಪು ಕೊಟ್ಟರು. ಆಗ ಸರ್ಕಾರ ನಿಯಮವನ್ನೇ ಬದಲಿಸೋಕೆ ಹೊರಟಿತು. ಮಂಗಳವಾರ, ಬುಧವಾರ ಹೊಸದೊಂದು ಎಂಟು ನಿಮಿಷದ ಅವಧಿ. ಸರ್ಕಾರದ ಹಿಂದಿನ ಸಾಲಿನವರು, ಅದನ್ನು ಬೆಂಬಲಿಸೋ ಪಕ್ಷೇತರರು ಅದರಲ್ಲಿ ಟೀಷಖ್‌ಗೆ ಪ್ರಶ್ನೆ ಕೇಳಬಹುದು. ಮಾರ್ಚ್ 25ರ ವಿಡಿಯೋ ಅದೇ. 94 ಮತ ಪರವಾಗಿ, 74 ವಿರುದ್ಧ. ನಿಯಮ ಪಾಸಾಯ್ತು, ಸದನ ಮುರಿದು ಮರುದಿನಕ್ಕೆ ಹೋಯ್ತು.

ಸರಿ, ಹಾಗಾದ್ರೆ ಗಲಾಟೆ ಇಲ್ಲದ ಮಾಮೂಲಿ ದಿನ ಹೇಗಿರುತ್ತೆ? ಸಾಮಾನ್ಯವಾಗಿ ಸದನ ಸೇರೋದು ಮಂಗಳವಾರದಿಂದ ಗುರುವಾರದವರೆಗೆ. ಬುಧವಾರದ ಮಧ್ಯಾಹ್ನ ತಗೊಳ್ಳಿ. ಅಲ್ಲಿ 12 ಗಂಟೆ, ನಮಗೆ ಬೇಸಿಗೆಯಲ್ಲಿ ಸಂಜೆ 4.30. "ನಾಯಕರ ಪ್ರಶ್ನೆಗಳು" ಶುರು. ವಿರೋಧ ಪಕ್ಷದ ನಾಯಕರಿಗೆ ಮೂರು ನಿಮಿಷ. ಟೀಷಖ್ ಉತ್ತರಕ್ಕೆ ಮೂರು ನಿಮಿಷ. ಮರುಪ್ರಶ್ನೆಗೆ ಒಂದು, ಮರುಉತ್ತರಕ್ಕೆ ಒಂದು. ಎಷ್ಟಾಯ್ತು? ಎಂಟು ನಿಮಿಷ. ಅಂದ್ರೆ ಒಂದು ವಿರೋಧ ಪಕ್ಷ ದೇಶದ ಪ್ರಧಾನಿಯನ್ನ ಎದುರು ನಿಲ್ಲಿಸಿಕೊಂಡು ಕೇಳೋಕೆ ಸಿಗೋ ಇಡೀ ಬಂಡವಾಳ ಅಷ್ಟೇ. ಅದಕ್ಕೆ ಸಮನಾದ ಹೊತ್ತನ್ನು, "ಸನ್ಮಾನ್ಯರೇ, ನಮ್ಮೂರ ರಸ್ತೆಗೆ ಹಣ ಕೊಟ್ಟಿದ್ದಕ್ಕೆ ಧನ್ಯವಾದ" ಅಂತ ಕೇಳಬಹುದಾದ ಸ್ವಂತ ಬಳಗಕ್ಕೆ ಕೊಟ್ಟರೆ ಹೊಟ್ಟೆ ಉರಿಯುತ್ತೆ ತಾನೇ? ಇನ್ನೊಂದು ಕಡೆಯಿಂದ ನೋಡಿದ್ರೆ, ಹಿಂದಿನ ಸಾಲಿನ ಸದಸ್ಯರನ್ನೂ ಜನಾನೇ ಆರಿಸಿ ಕಳಿಸಿರೋದು, ಅವರೂ ಬಾಯಿ ಬಿಡಬೇಕಲ್ಲ ಅನ್ನೋದು ಸರ್ಕಾರದ ವಾದ. ಆ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಪ್ರಶ್ನೆ ಕೇಳುವವನಿಗೂ ಉತ್ತರ ಕೊಡುವವನಿಗೂ ಒಂದೇ ಮನೆ ಅಡುಗೆ ಆದ್ರೆ ಖಾರ ಇರಲ್ಲ. ನನ್ನ ಅಭಿಪ್ರಾಯ ಅದು.

ನಾಯಕರ ಪ್ರಶ್ನೆ ಟಿವಿಗೆ ಸರಕು. ಮಾತಿಗೆ ಮಾತು, ಚಪ್ಪಾಳೆ, ಕ್ಲಿಪ್ಪು, ರೀಲು. ನನಗೆ ಹೆಚ್ಚು ಇಷ್ಟ ಆಗಿದ್ದು ಅದಲ್ಲ, ಮಂತ್ರಿಗಳ ಮೌಖಿಕ ಪ್ರಶ್ನೋತ್ತರ. ಪ್ರತಿ ಇಲಾಖೆಯ ಮಂತ್ರಿಗೂ ಕೆಲವು ವಾರಕ್ಕೊಮ್ಮೆ ಸರದಿ ಬರುತ್ತೆ. ಮೊದಲು ವಿರೋಧ ಪಕ್ಷದ ಆದ್ಯತೆಯ ಪ್ರಶ್ನೆಗಳು. ಉಳಿದವುಗಳಲ್ಲಿ ಯಾರದ್ದು ಮೊದಲು ಅನ್ನೋದಕ್ಕೆ ಲಾಟರಿ ಎತ್ತುತ್ತಾರೆ. ಕೇಳುವವರಿಗೆ ಪೀಠಿಕೆಗೆ 30 ಸೆಕೆಂಡ್, ಮಂತ್ರಿಗೆ 2 ನಿಮಿಷ, ಆಮೇಲೆ ಒಂದೊಂದು ನಿಮಿಷದ ಮರುಪ್ರಶ್ನೆ, ಮರುಉತ್ತರ. ಅಧಿಕಾರಿಗಳು ಬರೆದುಕೊಟ್ಟ ಕಾಗದವನ್ನ ಮಂತ್ರಿ ಓದೋದು ಆ ಮೊದಲ ಎರಡು ನಿಮಿಷದಲ್ಲಿ. ಅಸಲಿ ಆಟ ಇರೋದು ಮರುಪ್ರಶ್ನೆಯಲ್ಲಿ. ಅಲ್ಲಿ ಕಾಗದ ಕೈಕೊಡುತ್ತೆ, ಮಂತ್ರಿಗೆ ವಿಷಯ ಗೊತ್ತಾ ಇಲ್ವಾ ಅನ್ನೋದು ದನಿಯಲ್ಲೇ ಗೊತ್ತಾಗಿಬಿಡುತ್ತೆ. ನೋಡದೆ ಬರೀ ಕೇಳಿ, ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಜಾರಿಕೊಳ್ಳೋ ದಾರಿಗಳೂ ಇವೆ. ಆರೋಗ್ಯ ಮಂತ್ರಿಗೆ ಯಾವುದೋ ಆಸ್ಪತ್ರೆಯ ಕಾಯುವ ಪಟ್ಟಿ ಬಗ್ಗೆ ಬರಹದಲ್ಲಿ ಪ್ರಶ್ನೆ ಹಾಕಿ. ಬಹಳ ಸಲ ಬರೋ ಉತ್ತರ: ಇದು ಸೇವೆಗೆ ಸಂಬಂಧಪಟ್ಟ ವಿಷಯ, ನಿಮಗೆ ನೇರವಾಗಿ ಉತ್ತರಿಸಲು ಎಚ್‌ಎಸ್‌ಇಗೆ ತಿಳಿಸಿದ್ದೇನೆ. ಎಚ್‌ಎಸ್‌ಇ ಅಂದ್ರೆ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ನಡೆಸೋ ಸಂಸ್ಥೆ. ನಮ್ಮ ವಿಧಾನಸಭೆಯ ಚುಕ್ಕೆ ಗುರುತಿನ ಪ್ರಶ್ನೆಗೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತಾರಲ್ಲ, ಅದರ ಅಣ್ಣ ಇದು.

ಜಾರಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಐರ್ಲೆಂಡ್‌ನಲ್ಲಿ ದೊಡ್ಡ ಉದಾಹರಣೆ ಇದೆ. 80ರ ದಶಕದ ಕೊನೆಯಲ್ಲಿ ದನದ ಮಾಂಸದ ರಫ್ತಿನಲ್ಲಿ ಅಕ್ರಮ ನಡೆದಿದೆ, ಇರಾಕ್‌ಗೆ ಹೋಗೋ ಮಾಂಸಕ್ಕೆ ಸರ್ಕಾರ ಕೊಟ್ಟ ವಿಮೆಯಲ್ಲಿ ಪಕ್ಷಪಾತ ಆಗಿದೆ ಅಂತ ಡಾಲ್‌ನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಬಂದವು. ಸರಿಯಾದ ಉತ್ತರ ಬರಲಿಲ್ಲ. 1991ರಲ್ಲಿ ಬ್ರಿಟನ್‌ನ ಒಂದು ಟಿವಿ ಕಾರ್ಯಕ್ರಮ ಅದನ್ನೇ ತೋರಿಸಿದ ಮೇಲೆ ವಿಚಾರಣಾ ಆಯೋಗ ಕೂತಿತು. ವರದಿ ಬಂದಿದ್ದು 1994ರಲ್ಲಿ. ಮೂರು ವರ್ಷ, ಹೇರಳ ದುಡ್ಡು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲಿಯಾಮ್ ಹ್ಯಾಮಿಲ್ಟನ್ ಒಂದು ಹಂತದಲ್ಲಿ ಬೇಸತ್ತು ಹೇಳಿದ ಮಾತಿನ ಸಾರ ಇಷ್ಟು: ಇಲ್ಲಿ ಉತ್ತರ ಕೊಟ್ಟ ಹಾಗೆ ಸದನದಲ್ಲೂ ಕೊಟ್ಟಿದ್ದರೆ ಈ ವಿಚಾರಣೆಯೇ ಬೇಕಾಗ್ತಿರಲಿಲ್ಲ. ಮಾಹಿತಿ ಹಕ್ಕಿನ ಕಾನೂನು ಅಲ್ಲಿ 1997ರಲ್ಲಿ ಬಂತು. ಆ ಕಾನೂನಿನ ಕಥೆ ಹೇಳುವವರು ಈ ಮಾಂಸದ ಹಗರಣವನ್ನ ಬಿಟ್ಟು ಮುಂದೆ ಹೋಗಲ್ಲ.

ಈಗಿನ ವಿಷಯಕ್ಕೆ ಬಂದ್ರೆ, ಯಾವ ದಿನ ಕೇಳಿದ್ರೂ ಮನೆ, ಮನೆ, ಮನೆ. 2024ರ ಚುನಾವಣೆಗೆ ಮುಂಚೆ, ಈ ವರ್ಷ ಕಟ್ಟಿ ಮುಗಿಯೋ ಮನೆಗಳು 40,000ದ ಹತ್ತಿರ ಇರ್ತವೆ ಅಂತ ಸರ್ಕಾರದವರು ಹೇಳ್ತಾ ಬಂದರು. ಚುನಾವಣೆ ಮುಗೀತು. 2025ರ ಜನವರಿಯಲ್ಲಿ ಅಂಕಿಅಂಶ ಕಚೇರಿ ಲೆಕ್ಕ ಕೊಟ್ಟಿತು: 30,330. ಅದರ ಹಿಂದಿನ ವರ್ಷಕ್ಕಿಂತಲೂ ಕಡಿಮೆ! ಆಮೇಲೆ ವಿರೋಧ ಪಕ್ಷದವರು ಎದ್ದಾಗಲೆಲ್ಲ ಆ ಎರಡು ಸಂಖ್ಯೆಗಳನ್ನ ಅಕ್ಕಪಕ್ಕ ಇಟ್ಟು ಹೊಡೆದರು. ಸರ್ಕಾರ ಕೊಡೋ ತಾತ್ಕಾಲಿಕ ಆಶ್ರಯದಲ್ಲಿ ಇರೋರ ಲೆಕ್ಕ ಪ್ರತಿ ತಿಂಗಳು ಪ್ರಕಟವಾಗುತ್ತೆ. 2025ರಲ್ಲಿ ಅದು 16,000 ದಾಟಿತು. ಸ್ನೇಹಿತರ ಮನೆಯ ಸೋಫಾದ ಮೇಲೆ ಮಲಗೋರು, ಬೀದಿಯಲ್ಲೇ ಮಲಗೋರು ಅದರಲ್ಲಿಲ್ಲ. ನನ್ನ ತಂಗಿ ಮೂರು ಜನರ ಜೊತೆ ಮನೆ ಹಂಚಿಕೊಂಡಿದ್ದಾಳೆ. ಬಾಡಿಗೆ ಎಷ್ಟು ಅಂತ ಅವರಮ್ಮನಿಗೆ ಇನ್ನೂ ಹೇಳಿಲ್ಲ, ದಯವಿಟ್ಟು ಯಾರೂ ಈ ಎಪಿಸೋಡ್ ನಮ್ಮ ಚಿಕ್ಕಮ್ಮನಿಗೆ ಫಾರ್ವರ್ಡ್ ಮಾಡಬೇಡಿ.

ಮತ ಹಾಕೋ ವಿಷಯ ಬೇಗ ಮುಗಿಸ್ತೀನಿ. ಗಂಟೆ ಹೊಡೆಯುತ್ತೆ, ಎಲ್ಲರೂ ಓಡಿ ಬಂದು ಸೀಟಿನಲ್ಲಿ ಗುಂಡಿ ಒತ್ತುತ್ತಾರೆ. "ತಾ" ಅಥವಾ "ನೀಲ್". ಐರಿಷ್‌ನಲ್ಲಿ ಹೌದು, ಅಲ್ಲ ಅನ್ನೋಕೆ ಬೇರೆ ಪದವೇ ಇಲ್ಲವಂತೆ. ತಾ ಅಂದ್ರೆ "ಇದೆ", ನೀಲ್ ಅಂದ್ರೆ "ಇಲ್ಲ". ಹಾಲಿದೆಯಾ ಅಂದ್ರೆ ನಾವು "ಇದೆ" ಅಂತೀವಲ್ಲ, ಹಾಗೆ. 2019ರ ಅಕ್ಟೋಬರ್‌ನಲ್ಲಿ ಒಬ್ಬ ಸದಸ್ಯರು ಸದನದಲ್ಲೇ ಇಲ್ಲದ ಸಹೋದ್ಯೋಗಿಯ ಗುಂಡಿಯನ್ನೂ ಒತ್ತಿ ಸಿಕ್ಕಿಬಿದ್ದಿದ್ದು ಅಲ್ಲಿ ದೊಡ್ಡ ರಾದ್ಧಾಂತ.

ಒಂದು ಕಹಿ ಸಂಗತಿ ಹೇಳಲೇಬೇಕು. 2025ರ ಜುಲೈ 19ರಂದು ಡಬ್ಲಿನ್‌ನ ಟಾಲಾದಲ್ಲಿ ಒಬ್ಬ ಭಾರತೀಯನ ಮೇಲೆ ಗುಂಪು ಹಲ್ಲೆ ಆಯ್ತು. ನಂತರ ಇನ್ನಷ್ಟು ಘಟನೆ ವರದಿಯಾದವು, ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಹೊರಡಿಸಿತು. 2022ರ ಜನಗಣತಿ ಪ್ರಕಾರ ಐರ್ಲೆಂಡ್‌ನಲ್ಲಿ 45,000ಕ್ಕೂ ಹೆಚ್ಚು ಭಾರತೀಯ ಪ್ರಜೆಗಳಿದ್ದಾರೆ. ಆ ದಿನಗಳಲ್ಲಿ ತಂಗಿ ರಾತ್ರಿ ಪಾಳಿ ಮುಗಿಸಿ ಮನೆ ಸೇರೋವರೆಗೆ ನನ್ನ ಜೊತೆ ಫೋನಿನಲ್ಲೇ ಇರ್ತಿದ್ಳು. ಸದನದಲ್ಲಿ ಏನಂದ್ರು ಅಂತ ನಾನು ಹುಡುಕಿದೆ. ಏನೂ ಇಲ್ಲ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಡಾಲ್‌ಗೆ ರಜೆ. ಮಂತ್ರಿಗಳು ಹೊರಗೆ ಹೇಳಿಕೆ ಕೊಟ್ಟರು, ರಾಷ್ಟ್ರಪತಿ ಮೈಕಲ್ ಹಿಗಿನ್ಸ್ ಖಂಡಿಸಿದರು. ಆದರೆ ಹೇಳಿಕೆಗೆ ಮರುಪ್ರಶ್ನೆ ಇರಲ್ಲ ನೋಡಿ. ಎರಡು ತಿಂಗಳು ಆ ಎಂಟು ನಿಮಿಷ ಯಾರಿಗೂ ಇರಲಿಲ್ಲ.

ತಂಗಿಗೆ ಡಾಲ್ ಚುನಾವಣೆಯಲ್ಲಿ ಮತವಿಲ್ಲ. ಅಲ್ಲಿ ವಾಸವಿರೋ ಅವಳಂಥ ಭಾರತೀಯ ಪ್ರಜೆಗಳು ಸ್ಥಳೀಯ ಚುನಾವಣೆಯಲ್ಲಿ ಮಾತ್ರ ಮತ ಹಾಕಬಹುದು. ಆದರೆ ತನ್ನ ಕ್ಷೇತ್ರದ ಟಿಡಿಗೆ ಯಾರು ಬೇಕಾದ್ರೂ ಬರೀಬಹುದು. ಅವಳದೊಂದು ಅರ್ಜಿ ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತಿತ್ತು. ರಜೆ ಮುಗಿದ ಮೇಲೆ ನಾನೇ ಪೀಡಿಸಿ ಇಮೇಲ್ ಮಾಡಿಸಿದೆ. ಟಿಡಿ ಕಚೇರಿಯವರು ಅದನ್ನ ಲಿಖಿತ ಪ್ರಶ್ನೆಯಾಗಿ ಹಾಕಿದರು. ಇಂಥವು ಅಲ್ಲಿ ಒಂದೊಂದು ದಿನಕ್ಕೆ ನೂರಾರು ಬರುತ್ತವೆ. ಅವಳ ಹೆಸರು ದಾಖಲೆಯಲ್ಲಿಲ್ಲ, ಅದರ ಜಾಗದಲ್ಲಿ "ವಿವರ ಒದಗಿಸಲಾಗಿದೆ" ಅಂತಷ್ಟೇ. ಉತ್ತರ ಬೇಗ ಬಂತು: ಅರ್ಜಿ ಪರಿಶೀಲನೆಯಲ್ಲಿದೆ.

"ಇದು ನಂಗೂ ಗೊತ್ತಿತ್ತಲ್ಲ ಅಕ್ಕಾ" ಅಂದ್ಳು. ಮೂರು ವಾರಕ್ಕೆ ಕಾಗದ ಕೈಗೆ ಬಂತು. ಪ್ರಶ್ನೆ ಹಾಕಿದ್ದಕ್ಕೆ ಬಂತೋ, ಅದರ ಸರದಿ ಹಾಗೂ ಬರ್ತಿತ್ತೋ, ಅವಳೂ ನಾನೂ ಇನ್ನೂ ವಾದ ಮಾಡ್ತಿದ್ದೀವಿ.

ಹೊರದೇಶದಲ್ಲಿ ಇದ್ದು ಅಲ್ಲಿನ ಜನಪ್ರತಿನಿಧಿಗೆ ನೀವೂ ಯಾವತ್ತಾದ್ರೂ ಬರೆದಿದ್ರೆ, ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.