ಆ್ಯಪ್ ಹೋದರೂ ವಿಡಿಯೋ ಉಳಿಯಲಿ

ಹವ್ಯಾಸಕ್ಕೆ ವಿಡಿಯೋ ಮಾಡುವ ಸಹೋದರಿಯರಿಗೆ ಬದಲಿ ಆ್ಯಪ್‌ಗಳ ಪರಿಚಯ



ಕರು ಮೊದಲ ಸಲ ಎದ್ದು ನಿಂತದ್ದು, ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸಿದ್ದು, ಮೊಮ್ಮಗಳು ಹಸುವಿಗೆ ಹುಲ್ಲು ತಿನ್ನಿಸಿದ್ದು – ಇವನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಬೇಡದ್ದನ್ನು ಕತ್ತರಿಸಿ, ಒಂದು ಸಂಗೀತ ಸೇರಿಸಿ ಬಂಧುಗಳಿಗೆ ಕಳಿಸುವುದು ಈಗ ನಮ್ಮ ಎಷ್ಟೋ ಸದಸ್ಯೆಯರ ಹವ್ಯಾಸ. ಬೆಳಗಿನ ಹಾಲು ಡೇರಿಗೆ ಹಾಕಿ, ಮನೆಗೆಲಸ ಮುಗಿಸಿದ ಮೇಲೆ ಸಿಗುವ ಅರ್ಧ ಗಂಟೆ ಅವರದೇ. ಅದನ್ನು ಹೇಗೆ ಕಳೆಯಬೇಕು ಎಂಬುದೂ ಅವರ ಇಷ್ಟ.

ಹೊರಮಾವು, ಕಲ್ಕೆರೆ, ರಾಮಮೂರ್ತಿನಗರದ ಕಡೆಯವರಿಗೆ ಈ ಹವ್ಯಾಸಕ್ಕೆ ಇನ್ನೊಂದು ಬೆಲೆಯೂ ಇದೆ. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ನಗರದ ಈ ಅಂಚಿನಲ್ಲಿ ಹಸು ಮೇಯುತ್ತಿದ್ದ ಬಯಲುಗಳು ಲೇಔಟ್ ಆದವು, ಕೊಟ್ಟಿಗೆಗಳ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಎದ್ದವು. ಇಂದು ನೀವು ತೆಗೆಯುವ ಎರಡು ನಿಮಿಷದ ವಿಡಿಯೋ, ಇನ್ನು ಹತ್ತು ವರ್ಷಕ್ಕೆ ಮನೆಯಲ್ಲಿ ಹಸು ಇತ್ತು ಎಂಬುದಕ್ಕೆ ಉಳಿಯುವ ಗುರುತಾಗಬಹುದು. ಅದಕ್ಕೇ ಯಾವ ಆ್ಯಪ್ ಬಳಸಬೇಕು, ವಿಡಿಯೋ ಎಲ್ಲಿಡಬೇಕು ಎಂದು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಒಂದೇ ರಾತ್ರಿಯಲ್ಲಿ ಹೋದ ಆ್ಯಪ್‌ಗಳು

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಇತ್ತು, ವಿಡಿಯೋ ಕತ್ತರಿಸಿ ಜೋಡಿಸಲು ಬಹಳ ಜನ ಬಳಸುತ್ತಿದ್ದ ವಿವಾವಿಡಿಯೋ ಸಹ ಇತ್ತು. ವಿಡಿಯೋಗಳನ್ನು ಆ್ಯಪ್‌ನಲ್ಲೇ ಬಿಟ್ಟು, ಫೋನಿನಲ್ಲಿ ಪ್ರತಿ ಇಟ್ಟುಕೊಳ್ಳದವರು ಕೈ ಕೈ ಹಿಸುಕಿಕೊಳ್ಳಬೇಕಾಯಿತು.

ಟಿಕ್‌ಟಾಕ್ ಕಂಪನಿಯದೇ ಆದ ಕ್ಯಾಪ್‌ಕಟ್ ಬೇರೆ ದೇಶಗಳಲ್ಲಿ ಬಹಳ ಹೆಸರಾದ ಎಡಿಟಿಂಗ್ ಆ್ಯಪ್. ನಮ್ಮ ದೇಶದಲ್ಲಿ ಅದು ಸಿಗುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕದಲ್ಲೂ ಟಿಕ್‌ಟಾಕ್ ಜೊತೆಗೆ ಕ್ಯಾಪ್‌ಕಟ್ ಸ್ವಲ್ಪ ಕಾಲ ನಿಂತುಹೋಗಿ, ಅಲ್ಲಿನವರೂ ಬದಲಿ ಹುಡುಕಿದರು. ನಿಷೇಧವೇ ಆಗಬೇಕೆಂದಿಲ್ಲ. ನಿನ್ನೆಯವರೆಗೆ ಉಚಿತವಾಗಿದ್ದ ಆ್ಯಪ್ ಇವತ್ತು ತಿಂಗಳಿಗಿಷ್ಟು ಎಂದು ಹಣ ಕೇಳಬಹುದು, ಹಳೆಯ ಫೋನಿನಲ್ಲಿ ನಡೆಯದೆ ಹೋಗಬಹುದು.

ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಆ್ಯಪ್ ಹಾಲಿನ ಕ್ಯಾನ್ ಇದ್ದಂತೆ, ವಿಡಿಯೋ ಹಾಲು ಇದ್ದಂತೆ. ಕ್ಯಾನ್ ಬದಲಾದರೂ ಹಾಲು ಚೆಲ್ಲಬಾರದು.

ಯಾವ ಆ್ಯಪ್ ಯಾರಿಗೆ?

ಈಗ ಪ್ಲೇ ಸ್ಟೋರ್‌ನಲ್ಲಿ ಸಿಗುವ, ಹವ್ಯಾಸಕ್ಕೆ ಸಾಕಾಗುವ ಕೆಲವು ಆ್ಯಪ್‌ಗಳು ಇವು:

• ಗೂಗಲ್ ಫೋಟೋಸ್: ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ವಿಡಿಯೋದ ಹಿಂದು ಮುಂದು ಕತ್ತರಿಸಲು, ಸದ್ದು ತೆಗೆಯಲು ಇದೇ ಸಾಕು. ಹೊಸದಾಗಿ ಕಲಿಯುವವರು ಇಲ್ಲಿಂದಲೇ ಶುರು ಮಾಡಿ.

• ಯೂಟ್ಯೂಬ್ ಕ್ರಿಯೇಟ್: ಗೂಗಲ್ 2023ರ ಸೆಪ್ಟೆಂಬರ್‌ನಲ್ಲಿ ಮೊದಲು ಬಿಟ್ಟ ಎಂಟು ದೇಶಗಳಲ್ಲಿ ಭಾರತವೂ ಒಂದು. ಉಚಿತ. ಹಕ್ಕಿನ ತಕರಾರಿಲ್ಲದ ಸಂಗೀತ ಇದರಲ್ಲೇ ಸಿಗುತ್ತದೆ.

• ವಿಎನ್: ಹಣ ಕಟ್ಟದೆಯೂ ವಿಡಿಯೋ ಮೇಲೆ ತನ್ನ ಮುದ್ರೆ ಒತ್ತುವುದಿಲ್ಲ. ಕೊನೆಯಲ್ಲಿ ತನ್ನ ಹೆಸರಿನ ತುಣುಕು ಬಂದರೆ ಅಳಿಸಬಹುದು. ನಾಲ್ಕಾರು ತುಣುಕು ಜೋಡಿಸುವವರಿಗೆ ಅನುಕೂಲ.

• ಇನ್‌ಶಾಟ್: ಕಲಿಯಲು ಸುಲಭ. ಜಾಹೀರಾತು ಬರುತ್ತದೆ. ಒಂದು ಜಾಹೀರಾತು ಪೂರ್ತಿ ನೋಡಿದರೆ ಮುದ್ರೆ ತೆಗೆದುಕೊಡುತ್ತದೆ.

• ಕೈನ್‌ಮಾಸ್ಟರ್: ದಕ್ಷಿಣ ಕೊರಿಯಾದ್ದು. ವಿಡಿಯೋ ಮೇಲೆ ಫೋಟೋ, ಅಕ್ಷರ, ಇನ್ನೊಂದು ವಿಡಿಯೋ ಕೂರಿಸಬಹುದು. ಉಚಿತವಾಗಿ ಬಳಸಿದರೆ ಮುದ್ರೆ ಇರುತ್ತದೆ. ಕೈ ಪಳಗಿದವರಿಗೆ ಹೇಳಿಸಿದ್ದು.

• ಎಡಿಟ್ಸ್: ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ 2025ರ ಏಪ್ರಿಲ್‌ನಲ್ಲಿ ಬಿಟ್ಟದ್ದು. ಇನ್‌ಸ್ಟಾಗ್ರಾಂ ಖಾತೆ ಇದ್ದವರಿಗೆ ಮಾತ್ರ ಉಪಯೋಗ.

ಎಲ್ಲವನ್ನೂ ಹಾಕಿಕೊಂಡು ಫೋನು ತುಂಬಿಸಬೇಡಿ. ಒಂದನ್ನು ಆರಿಸಿ, ಒಂದು ವಾರ ಬಳಸಿ ನೋಡಿ. ಹೊಸ ಹಿಂಡಿಯನ್ನು ಒಮ್ಮೆಲೇ ಬದಲಿಸದೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡುತ್ತೀರಲ್ಲ, ಹಾಗೆಯೇ ಹೊಸ ಆ್ಯಪ್ ಕೈಹಿಡಿದ ಮೇಲೆ ಹಳೆಯದನ್ನು ತೆಗೆಯಿರಿ.

ಆರಿಸುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ಅಕ್ಷರ ಬರೆಯುವ ಜಾಗದಲ್ಲಿ ‘ಸ್ತ್ರೀ’, ‘ಕ್ಷೀರ’ ಎಂದು ಬರೆಯಿರಿ. ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಂಡರೆ ಬೇರೆ ಅಕ್ಷರ ಶೈಲಿ ನೋಡಿ. ಯಾವುದರಲ್ಲೂ ಸರಿಯಾಗದಿದ್ದರೆ ಆ ಆ್ಯಪ್ ಕನ್ನಡಕ್ಕೆ ಆಗಿಬರುವುದಿಲ್ಲ.

ಆ್ಯಪ್ ಯಾವುದಾದರೂ ಕೆಲಸ ನಾಲ್ಕೇ

ಬೇಡದ ಭಾಗ ಕತ್ತರಿಸುವುದು, ತುಣುಕುಗಳನ್ನು ಸಾಲಾಗಿ ಜೋಡಿಸುವುದು, ಸದ್ದು ಅಥವಾ ಸಂಗೀತ ಹೊಂದಿಸುವುದು, ಎರಡು ಸಾಲು ಬರೆಯುವುದು. ಈ ನಾಲ್ಕು ಬಂದರೆ ಯಾವ ಆ್ಯಪ್‌ಗೆ ಬದಲಾದರೂ ಗಾಬರಿಯಿಲ್ಲ. ಕತ್ತರಿ ಗುರುತು ಎಲ್ಲದರಲ್ಲೂ ಕತ್ತರಿಯೇ.

ಚಿತ್ರೀಕರಿಸುವಾಗಲೇ ಜಾಗ್ರತೆ ಮಾಡಿದರೆ ಎಡಿಟಿಂಗ್ ಕೆಲಸ ಅರ್ಧ ಕಡಿಮೆ. ಬೆಳಕು ನಿಮ್ಮ ಬೆನ್ನಿಗಿರಲಿ. ಐದಾರು ಸೆಕೆಂಡಿನ ಚಿಕ್ಕ ತುಣುಕುಗಳನ್ನೇ ತೆಗೆಯಿರಿ. ಕರೆಯುವ ಹೊತ್ತಿನಲ್ಲಿ ಹಸುವಿನ ಮುಖಕ್ಕೆ ಫೋನು ಹಿಡಿದು ಬೆದರಿಸಬೇಡಿ, ಬೆದರಿದ ಹಸು ಹಾಲು ಸೊರೆಬಿಡುವುದಿಲ್ಲ. ಕರು ಹಾಕುವಾಗ ಲೈಟು ಬಿಡಬೇಡಿ. ಹುಟ್ಟಿದ ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ವಿಡಿಯೋ ಆಮೇಲೆ.

ಸಿನಿಮಾ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿದರೆ ಹಾಡಿನ ಹಕ್ಕುದಾರರು ತಡೆಯಬಹುದು. ಕೊಟ್ಟಿಗೆಯ ಗಂಟೆ ಸದ್ದು, ನಿಮ್ಮದೇ ದನಿಯ ಸೋಬಾನೆ ಪದ – ಇವಕ್ಕಿಂತ ಚೆಂದದ ಸಂಗೀತ ಬೇಕೆ?

ಮೂಲ ವಿಡಿಯೋ ಕಾಪಾಡಿ

ಆ್ಯಪ್‌ನೊಳಗೆ ಅರ್ಧ ಮಾಡಿಟ್ಟ ಕೆಲಸ ಆ್ಯಪ್ ಅಳಿಸಿದರೆ ಅದರ ಜೊತೆಗೇ ಹೋಗಬಹುದು. ಆದ್ದರಿಂದ ಮುಗಿದ ವಿಡಿಯೋವನ್ನು ‘ಎಕ್ಸ್‌ಪೋರ್ಟ್’ ಅಥವಾ ‘ಸೇವ್’ ಒತ್ತಿ ಗ್ಯಾಲರಿಗೆ ತನ್ನಿ. ಅದನ್ನು ಒಮ್ಮೆ ಪೂರ್ತಿ ನೋಡಿದ ಮೇಲೆಯೇ ಬೇಡದ ತುಣುಕುಗಳನ್ನು ಅಳಿಸಿ.

ಒಳ್ಳೆಯ ಗುಣಮಟ್ಟದ ಒಂದು ನಿಮಿಷದ ವಿಡಿಯೋ ಸುಮಾರು 100 ಎಂ.ಬಿ. ಜಾಗ ತಿನ್ನುತ್ತದೆ. ಗೂಗಲ್ ಖಾತೆಯಲ್ಲಿ 15 ಜಿ.ಬಿ. ಜಾಗ ಉಚಿತ, ಆದರೆ ಇಮೇಲ್, ಫೋಟೋ ಎಲ್ಲವೂ ಅದರಲ್ಲೇ ಸೇರಬೇಕು. ಮನೆಯ ಮುಖ್ಯ ವಿಡಿಯೋಗಳನ್ನು ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡಿಗೂ ಹಾಕಿಡಿ. ವಾಟ್ಸಾಪ್‌ನಲ್ಲಿ ಮಾಮೂಲಿಯಂತೆ ಕಳಿಸಿದರೆ ವಿಡಿಯೋ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದ ಹಾಗೆಯೇ ಹೋಗುತ್ತದೆ.

ಹಾಲಿನ ಹಣ ಇರುವ ಫೋನು

ಈ ಮಾತನ್ನು ಮನೆಯವರೆಲ್ಲರೂ ಕೇಳಬೇಕು. ನಿಮ್ಮ ಹಾಲಿನ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ ಬರುತ್ತದೆ. ಆ ಖಾತೆಗೆ ಜೋಡಿಸಿದ ನಂಬರು, ಒ.ಟಿ.ಪಿ. ಬರುವ ಎಸ್‌ಎಂಎಸ್, ಫೋನ್‌ಪೇ ಎಲ್ಲವೂ ಇರುವುದು ನೀವು ವಿಡಿಯೋ ಮಾಡುವ ಅದೇ ಫೋನಿನಲ್ಲಿ.

‘ನಿಷೇಧವಾದ ಆ್ಯಪ್ ಇಲ್ಲಿ ಸಿಗುತ್ತದೆ’, ‘ಹಣ ಕಟ್ಟುವ ಆ್ಯಪ್ ಪುಕ್ಕಟೆ’ ಎಂದು ವಾಟ್ಸಾಪ್‌ನಲ್ಲಿ ಲಿಂಕ್ ಅಥವಾ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಕಳಿಸಿದವರು ಪರಿಚಯದವರೇ ಆದರೂ ಬೇಡ, ಅವರಿಗೆ ಯಾರು ಕಳಿಸಿದರೋ ಗೊತ್ತಿರುವುದಿಲ್ಲ. ಇಂಥ ಫೈಲ್‌ಗಳ ಮೂಲಕ ಎಸ್‌ಎಂಎಸ್ ಓದಿ ಖಾತೆ ಬರಿದು ಮಾಡುವ ವಂಚನೆ ನಡೆಯುತ್ತಿದೆ. ಎಪಿಕೆ ಹಾಕಿಕೊಂಡಿದ್ದರೆ ಮೊದಲು ಇಂಟರ್‌ನೆಟ್ ಆಫ್ ಮಾಡಿ, ಬ್ಯಾಂಕಿಗೆ ತಿಳಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ನಾಚಿಕೆಯಿಂದ ಮುಚ್ಚಿಡಬೇಡಿ.

ವಿಡಿಯೋ ಆ್ಯಪ್‌ಗೆ ಬೇಕಿರುವುದು ಫೋಟೋ-ವಿಡಿಯೋ, ಕ್ಯಾಮೆರಾ, ಮೈಕ್ – ಇಷ್ಟಕ್ಕೇ ಅನುಮತಿ. ಎಸ್‌ಎಂಎಸ್ ಕೇಳಿದರೆ ಕೊಡಬೇಡಿ, ಆ ಆ್ಯಪನ್ನೇ ತೆಗೆದುಹಾಕಿ.

ಡಾಕ್ಟರಿಗೆ ಕಳಿಸುವಾಗ

ಹಸು ಕುಂಟುವುದು, ಮೆಲುಕು ಹಾಕದಿರುವುದು, ಉಸಿರಾಟದ ಏರಿಳಿತ – ಇವನ್ನು ಪಶುವೈದ್ಯರಿಗೆ ತೋರಿಸಲು ವಿಡಿಯೋ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಬಣ್ಣ, ಸಂಗೀತ, ಕತ್ತರಿ ಯಾವುದೂ ಬೇಡ. ತೆಗೆದದ್ದನ್ನು ತೆಗೆದ ಹಾಗೆಯೇ ಕಳಿಸಿ. ತುರ್ತಾದರೆ ವಿಡಿಯೋ ಮಾಡುತ್ತ ಕೂರದೆ ಸಂಚಾರಿ ಪಶು ಚಿಕಿತ್ಸಾ ಸೇವೆಯ 1962ಕ್ಕೆ ಕರೆ ಮಾಡಿ.

ನೆನಪಿಡಿ

• ಆ್ಯಪ್ ಪ್ಲೇ ಸ್ಟೋರ್‌ನಿಂದ ಮಾತ್ರ. ಎಪಿಕೆ ಬೇಡವೇ ಬೇಡ.
• ಮುಗಿದ ವಿಡಿಯೋ ಗ್ಯಾಲರಿಯಲ್ಲಿ, ಇನ್ನೊಂದು ಪ್ರತಿ ಫೋನಿನ ಹೊರಗೆ.
• ಪಾಸ್‌ಬುಕ್, ಆಧಾರ್, ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ ವಿಡಿಯೋದಲ್ಲಿ ಕಾಣದಿರಲಿ.
• ಬೇರೆಯವರ ಮನೆ ಮಕ್ಕಳು ಕಂಡರೆ ಅವರ ತಾಯಿಯನ್ನು ಕೇಳಿಯೇ ಹಂಚಿಕೊಳ್ಳಿ.

ಮುಂದಿನ ಸಲ ಸಂಘದ ಸಭೆಗೆ ಬಂದಾಗ, ಈ ಕೆಲಸ ಬಲ್ಲವರು ಪಕ್ಕದಲ್ಲಿ ಕುಳಿತವರಿಗೆ ಕತ್ತರಿಸುವುದೊಂದನ್ನಾದರೂ ಹೇಳಿಕೊಡಿ. ಎಪಿಕೆ ಮಾತನ್ನೂ ತಪ್ಪದೆ ಹೇಳಿ.